ಮೂರನೇ ಮೈಕು

ಜೂನ್ 6

ಅಮ್ಮ,

ನಿನ್ನ ವಿಳಾಸಕ್ಕಾಗಿ ಚಿಕ್ಕಮ್ಮನನ್ನು ಕೇಳಬೇಕಾಯಿತು. "ಲಾಂಡ್ರಿ ಮೇಲಿನ ರೂಮು ಬಿಟ್ಟಾಯ್ತು, ಈಗ ಸೈಕಲ್ ಅಂಗಡಿ ಹಿಂದೆ ಇದ್ದಾಳೆ. ನಮ್ಮಕ್ಕ ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದು" ಅಂದಳು. ಫೋನು ಮಾಡಿದರೆ ನಾನು ಕಿರುಚುವುದು, ನೀನು "ಆಂ? ಆಂ?" ಎನ್ನುವುದು, ಕೊನೆಗೆ ಇಬ್ಬರೂ ಸಿಟ್ಟಿನಲ್ಲಿ ಇಟ್ಟುಬಿಡುವುದು. ಅದು ಬೇಡವೆಂದೇ ಬರೆಯುತ್ತಿದ್ದೇನೆ.

ಹೋದ ವಾರ ನಮ್ಮ ಸ್ಟುಡಿಯೋಗೆ ನಲವತ್ತೊಂದು ರೀಲು ಟೇಪು ಬಂದವು. ಎಲ್ಲ ನೀನು ಹಿಂದೆ ನಿಂತು ಹಾಡುತ್ತಿದ್ದ ನಿಮ್ಮ ಧಣಿಯವು. ಇವನ್ನು ಹೊರತರುವ ಕಂಪನಿಯವರು ಕಳಿಸಿದ ಹಾಳೆಯಲ್ಲಿ "ಎಪ್ಪತ್ತರ ದಶಕದ ರಾಕ್ ಗಾಯಕ, ಆತನ ಮೂರು ಪ್ರವಾಸಿ ತಂಡಗಳು, ಈವರೆಗೆ ಯಾರೂ ಕೇಳಿರದ ವೇದಿಕೆಯ ಧ್ವನಿಮುದ್ರಣಗಳು" ಎಂದು ದೊಡ್ಡದಾಗಿ ಬರೆದಿದ್ದಾರೆ. ಪ್ರತಿ ಪ್ರವಾಸ ಮುಗಿದಾಗಲೂ ಅವನು ತಂಡವನ್ನೇ ಮನೆಗೆ ಕಳಿಸಿ ಹೊಸಬರನ್ನು ಹಿಡಿಯುತ್ತಿದ್ದ ಎಂಬುದನ್ನು ಮಾತ್ರ ಬರೆದಿಲ್ಲ. ಎಲ್ಲರ ದನಿ ಹೊಂದಿಸುವ ಮಿಕ್ಸರ್ ಯಂತ್ರದ ಮುಂದೆ ಕೂರುತ್ತಿದ್ದ ನಿಮ್ಮ ಬೋಳುತಲೆಯ ಮಿಕ್ಸರ್ ಮಾಮ ದಿನವೂ ತನಗೋಸ್ಕರ ಒಂದು ಟೇಪು ಓಡಿಸುತ್ತಿದ್ದನಂತೆ. ಅವನು ತೀರಿಕೊಂಡ ಮೇಲೆ ಅವನ ಹೆಂಡತಿಗೆ ಮಂಚದ ಕೆಳಗೆ ಸಿಕ್ಕವು ಇವು.

ತೊಂದರೆ ಏನೆಂದರೆ, ಪೆಟ್ಟಿಗೆಗಳ ಮೇಲೆ ತಾರೀಖು ಬಿಟ್ಟರೆ ಏನೂ ಇಲ್ಲ. ಯಾವ ದಿನ ಯಾರು ಬಾರಿಸಿದರು, ಯಾರು ಹಾಡಿದರು ಎಂದು ಕಂಪನಿಯವರಿಗೆ ಬೇಕು. ಧಣಿಯೂ ತೀರಿಕೊಂಡ. ಮೂರನೇ ತಂಡದಲ್ಲಿ ಈಗ ಉಳಿದವಳು ನೀನೊಬ್ಬಳೇ. ನಾನು ಕೇಳಿದ್ದನ್ನು ಬರೆಯುತ್ತೇನೆ, ನೀನು ಓದಿ ಯಾರೆಂದು ಹೇಳು.

ಇದು ಕೆಲಸದ ವಿಷಯ. ಬೇರೇನೂ ಅಂದುಕೊಳ್ಳಬೇಡ.

ನಿನ್ನ ಮಗಳು

ಜೂನ್ 13

ಪುಟ್ಟೀ,

ಕಿವಿ ಹೋದವಳನ್ನು ಸಂಗೀತದ ಸಾಕ್ಷಿಗೆ ಕರೆದಿದ್ದೀಯ. ಭಲೇ. ಎಡಗಿವಿ ನಮ್ಮ ಡ್ರಮ್ಮಿನವನ ಕಂಚಿನ ತಟ್ಟೆಗೆ ಬಲಿಯಾಯಿತು, ಬಲಗಿವಿ ಬಸ್ ನಿಲ್ದಾಣದ ಹಾರ್ನುಗಳಿಗೆ. ಇಪ್ಪತ್ತೆರಡು ವರ್ಷ "ಮೂರನೇ ಅಂಕಣದ ಬಸ್ಸು ಹೊರಡಲಿದೆ" ಎಂದು ಮೈಕಿನಲ್ಲಿ ಕೂಗಿದವಳಿಗೆ ಈಗ ಬಸ್ಸು ಬೆನ್ನಿಗೆ ಬಂದು ನಿಂತರೂ ಗೊತ್ತಾಗುವುದಿಲ್ಲ.

ಆದರೂ ಕೇಳು. ಹಾಡು ಶುರುವಾಗುವ ಮುಂಚೆ ಕೋಲಿಗೆ ಕೋಲು ಮೂರೇ ಸಲ ತಟ್ಟುವವನು ಬಡಗಿ. ಮೊದಲು ಮರಗೆಲಸ ಮಾಡಿಕೊಂಡಿದ್ದ, ಅದಕ್ಕೇ ಆ ಹೆಸರು. ಎಲ್ಲರೂ ನಾಲ್ಕು ಸಲ ತಟ್ಟುತ್ತಾರೆ, ಅವನಿಗೆ ನಾಲ್ಕನೆಯದಕ್ಕೆ ತಾಳ್ಮೆ ಇರಲಿಲ್ಲ. ವೇದಿಕೆಯಲ್ಲಿ ಗಡಿಯಾರ ಕಟ್ಟುತ್ತಿದ್ದವನೂ ಅವನೊಬ್ಬನೇ. ಹಾಡಿನ ನಡುವೆ ಮೂಗು ಸುರ್ ಎಂದರೆ ಅದು ಕೀಬೋರ್ಡಿನವನು, ವರ್ಷಪೂರ್ತಿ ನೆಗಡಿ. ತಪ್ಪು ಬಾರಿಸಿ ತಾನೇ ಗಟ್ಟಿಯಾಗಿ ನಗುವವನು ಗಿಟಾರಿನವನು, ಎರಡನೇ ತಂಡ. ಅವನನ್ನು ಧಣಿ ಆ ನಗುವಿಗೇ ತೆಗೆದುಹಾಕಿದ ಎಂದು ಮಿಕ್ಸರ್ ಮಾಮ ಹೇಳುತ್ತಿದ್ದ.

ಕಿವಿಯಲ್ಲಿ ಕೇಳಿದ್ದನ್ನು ಕಾಗದದಲ್ಲಿ ಬರೆದು ಕಳಿಸುವ ಮಗಳು ಯಾರಿಗಿದ್ದಾಳೆ ಹೇಳು. ಬರಿ.

ಅಮ್ಮ

(ಸೈಕಲ್ ಅಂಗಡಿಯವನು ದಿನವಿಡೀ ಟಯರು ಸುಡುತ್ತಾನೆ. ಸದ್ದು ಕೇಳದಿದ್ದರೇನು, ಮೂಗು ಇದೆಯಲ್ಲ. ಬೇರೆ ಕೋಣೆ ನೋಡುತ್ತಿದ್ದೇನೆ.)

ಜುಲೈ 2

ಅಮ್ಮ,

ಬಡಗಿ ಸಿಕ್ಕಿದ. ಮೂರು ತಟ್ಟು, ಪ್ರತಿ ಸಲವೂ. ನೆಗಡಿಯವನೂ ಸಿಕ್ಕಿದ. ಒಂದು ಹಾಡಿನಲ್ಲಂತೂ ಅವನು ಸೀನಿದ್ದು ಎಷ್ಟು ಸರಿಯಾಗಿ ತಾಳಕ್ಕೆ ಬಿದ್ದಿದೆ ಎಂದರೆ ತೆಗೆಯಲು ಮನಸ್ಸಾಗಲಿಲ್ಲ.

ಈ ಟೇಪುಗಳಿಗೆ ವಯಸ್ಸಾಗಿ ಮೈಯೆಲ್ಲ ಅಂಟು. ಹಾಗೇ ಓಡಿಸಿದರೆ ಚರ್ಮ ಸುಲಿದು ಬರುತ್ತದೆ. ಸಣ್ಣ ಬಿಸಿಯಲ್ಲಿ ಎಂಟು ಗಂಟೆ ಒಣಗಿಸಿ, ಒಂದು ದಿನ ಆರಲು ಬಿಟ್ಟು, ಆಮೇಲೆ ಒಂದೇ ಸಲ ಓಡಿಸಿ ನಕಲು ತೆಗೆಯುತ್ತೇನೆ. ಎರಡನೇ ಸಲಕ್ಕೆ ಟೇಪು ತಾಳುತ್ತದೆಂಬ ನಂಬಿಕೆ ಇಲ್ಲ.

ಒಂದು ವಿಷಯ ನಿನಗೆ ಹೇಳಲೇಬೇಕು. ಸಭಾಂಗಣದಲ್ಲಿ ನನ್ನ ದನಿ ಯಾರಿಗೂ ಕೇಳುತ್ತಿರಲಿಲ್ಲ ಎಂದು ನೀನು ಯಾವಾಗಲೂ ಗೊಣಗುತ್ತಿದ್ದೆಯಲ್ಲ. ಟೇಪಿನಲ್ಲಿ ತಿರುಗುಮುರುಗು. ಡ್ರಮ್ಮು ಅಲ್ಲೇ ಕಿವಿ ಒಡೆಯುವಷ್ಟು ಜೋರಿತ್ತು, ಅದಕ್ಕೆ ಮೈಕೇ ಇಟ್ಟಿರಲಿಲ್ಲ. ಟೇಪಿಗೆ ಸೇರುವುದು ಮೈಕಿನ ಸದ್ದು ಮಾತ್ರ, ಹಾಗಾಗಿ ಬಡಗಿ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗಿದ್ದಾನೆ. ನೀನು ಮಾತ್ರ ನನ್ನ ಭುಜದ ಹತ್ತಿರ ನಿಂತು ಹಾಡುತ್ತಿದ್ದೀಯ. ಮಿಕ್ಸರ್ ಮಾಮ ನಿನ್ನ ಮೈಕನ್ನು, ಅಂದರೆ ಮೂರನೆಯದನ್ನು, ಹಾಡುಗಳ ನಡುವೆಯೂ ಮುಚ್ಚುತ್ತಲೇ ಇರಲಿಲ್ಲ. ನೀನು ನೀರು ಕುಡಿಯುವುದು, ಗಂಟಲು ಸರಿಮಾಡುವುದು, ಯಾರಿಗೋ ಬೈಯುವುದು ಎಲ್ಲ ಇದೆ. ಹಾಡುಗಳ ನಡುವಿನ ಮಾತುಕತೆ ಪೂರ್ತಿ ಕತ್ತರಿಸಿ ಎಂದು ಕಂಪನಿಯವರ ಅಪ್ಪಣೆ. ನಕಲಿನಲ್ಲಿ ಕತ್ತರಿಸುತ್ತಿದ್ದೇನೆ.

ಇನ್ನೊಂದು. ಇವತ್ತು ನನ್ನ ಹಾಳೆಯನ್ನು ನೋಡಿ ನನಗೇ ನಗು ಬಂತು. "ಡ್ರಮ್ಸ್" ಎಂಬಲ್ಲಿ ಬಡಗಿಯ ನಿಜ ಹೆಸರನ್ನು ಕಷ್ಟಪಟ್ಟು ಹುಡುಕಿ ಬರೆದಿದ್ದೇನೆ. "ಮೂರನೇ ದನಿ" ಎಂಬಲ್ಲಿ, ನನಗೇ ತಿಳಿಯದಂತೆ, "ಅಮ್ಮ" ಎಂದು ಬರೆದುಕೊಂಡು ಹೋಗಿದ್ದೇನೆ. ಆಮೇಲೆ ತಿದ್ದಬೇಕು.

ನಾಳೆ ಮೂವತ್ತೊಂದನೇ ಪೆಟ್ಟಿಗೆ ಒಣಗಲು ಇಡುತ್ತೇನೆ. ನವೆಂಬರ್ 19, 1976. ಈ ತಾರೀಖು ನನ್ನ ಹೊಟ್ಟೆಯ ಮೇಲೂ ಬರೆದಿದೆ. ನನಗೆ ಆರು ವರ್ಷ, ಅಪೆಂಡಿಕ್ಸ್ ಒಡೆಯುವುದರಲ್ಲಿತ್ತು. ಗಡಿಯಾರ ನೋಡುವುದನ್ನು ಚಿಕ್ಕಮ್ಮ ನನಗೆ ಕಲಿಸಿದ್ದು ಆ ಸಂಜೆ, ಆ ವಾರ್ಡಿನಲ್ಲಿ. "ಚಿಕ್ಕ ಮುಳ್ಳು ಒಂಬತ್ತಕ್ಕೆ ಬರಲಿ, ಅಮ್ಮ ಬರ್ತಾಳೆ" ಅಂದಿದ್ದಳು. ನೀನು ಬಂದದ್ದು ಮರುದಿನ ಮಧ್ಯಾಹ್ನ. ಚಿಕ್ಕಮ್ಮ ಅಂಚೆ ಕಚೇರಿಯಿಂದ ಕಳಿಸಿದ ತಂತಿ ನಿನ್ನ ಕೈಗೆ ಸಿಕ್ಕಿದ್ದೇ ಮರುದಿನ ಬೆಳಿಗ್ಗೆಯಲ್ಲವೇ, ನಿನ್ನ ತಪ್ಪಲ್ಲ. ಏನೂ ತಿಳಿಯದೆ ನೀನು ಆ ಸಂಜೆ ಏನು ಹಾಡುತ್ತಿದ್ದೆ ಎಂದು ಕೇಳುವ ಕುತೂಹಲ ಅಷ್ಟೆ.

ನಿನ್ನ ಮಗಳು

ಜುಲೈ 7

ಪುಟ್ಟೀ,

ಆ ಮೂವತ್ತೊಂದನೆಯದು ಬಿಟ್ಟುಬಿಡು. ಆ ದಿನ ಮಿಕ್ಸರ್ ಕೆಟ್ಟಿತ್ತು, ನನಗೆ ಚೆನ್ನಾಗಿ ನೆನಪಿದೆ. ಬರೀ ಗುಂಯ್ ಎನ್ನುವ ಸದ್ದೇ ಇರುತ್ತದೆ. ಹಾಳು ಟೇಪಿಗೆ ಎಂಟು ಗಂಟೆ ಬಿಸಿ ದಂಡ. ಟೇಪು ಒಣಗಿಸುವಾಗ ಹರಿದುಹೋಯಿತು ಎಂದು ಕಂಪನಿಗೆ ಹೇಳಿದರೆ ಯಾರು ಬಂದು ನೋಡುತ್ತಾರೆ?

ಕೋಣೆ ಬದಲಿಸಿದೆ. ಈಗ ಅಚ್ಚುಕೂಟದ ಮೇಲೆ. ವಿಳಾಸ ಹಿಂದೆ ಬರೆದಿದ್ದೇನೆ.

ಬೇಗ ಉತ್ತರ ಬರಿ.

ಅಮ್ಮ

ಜುಲೈ 19

ಅಮ್ಮ,

ಮಿಕ್ಸರ್ ಕೆಟ್ಟಿರಲಿಲ್ಲ. ನಲವತ್ತೊಂದರಲ್ಲಿ ಅಷ್ಟು ಚೊಕ್ಕವಾದ ಟೇಪು ಇನ್ನೊಂದಿಲ್ಲ.

ಮೊದಲ ಹಾಡು ಮುಗಿದ ಮೇಲೆ ಧಣಿ ಜನರಿಗೆ ಹೀಗೆ ಹೇಳುತ್ತಾನೆ, ಒಂದಕ್ಷರ ಬಿಡದೆ ಬರೆಯುತ್ತೇನೆ: "ಅಲ್ಲಿ ಹಿಂದೆ ನಿಂತಿದ್ದಾಳಲ್ಲ ಆ ಹುಡುಗಿ, ನೋಡಿ. ಮಗು ಆಸ್ಪತ್ರೇಲಿದೆ ಅಂತ ಮಧ್ಯಾಹ್ನ ತಂತಿ ಬಂತು. ಆದ್ರೂ ನಿಮಗೋಸ್ಕರ ನಿಂತಿದ್ದಾಳೆ. ಕೊಡಿ ಚಪ್ಪಾಳೆ!"

ಚಪ್ಪಾಳೆ ಹನ್ನೊಂದು ಸೆಕೆಂಡು ಬರುತ್ತದೆ. ನಾನು ಅಳೆದೆ, ಅದು ನನ್ನ ಕೆಲಸ. ಆಮೇಲೆ ನೀನು ಎರಡನೇ ಹಾಡು ಹಾಡುತ್ತೀಯ.

ನಲವತ್ತೇಳು ವರ್ಷ ನಾನು ಅಂಚೆ ಕಚೇರಿಯನ್ನು ಬೈದುಕೊಂಡು ಬಂದೆ. ಆ ರೀಲಿನ ನಡುವಿನ ಮಾತುಗಳನ್ನೆಲ್ಲ ಕೇಳದೆಯೇ ಕತ್ತರಿಸಿ ಎಸೆದೆ. ಇನ್ನು ಮುಂದೆ ಯಾರು ಬಾರಿಸಿದರು, ಯಾರು ಸೀನಿದರು ಎಂದು ನಿನ್ನನ್ನು ಕೇಳುವುದಿಲ್ಲ.

— ಮ.

ಆಗಸ್ಟ್ 2

ಪುಟ್ಟೀ,

ನಿನ್ನ ಕಾಗದ ಬಂತು. ಇಲ್ಲಿ ಅಚ್ಚುಯಂತ್ರ ಓಡಿದರೆ ನೆಲ ನಡುಗುತ್ತದೆ. ಕಿವಿಯಿಲ್ಲದವಳಿಗೆ ಅಂಗಾಲಿನಲ್ಲೇ ಕೇಳಿಸುತ್ತದೆ.

ಮುಂದೆ ಎರಡು ಹಾಳೆ ಬರೆದು, ಹರಿದು ಹಾಕಿದೆ.

ಅಮ್ಮ

ಆಗಸ್ಟ್ 30

ಪುಟ್ಟೀ,

ನಿನ್ನ ಉತ್ತರವಿಲ್ಲ. ಒಂದು ವೇಳೆ ಕಾಗದ ಹಳೇ ವಿಳಾಸಕ್ಕೆ ಹೋಗಿದ್ದರೆ ಎಂದು ಸೈಕಲ್ ಅಂಗಡಿಗೆ ಹೋಗಿ ಕೇಳಿದೆ. ಲಾಂಡ್ರಿಗೂ ಹೋದೆ. ಇಲ್ಲ ಎಂದು ತಲೆಯಾಡಿಸಿದರು. ನಿನ್ನ ಚಿಕ್ಕಮ್ಮ ಬಂದಿದ್ದಳು, ಎದುರು ಕೂತು ಕೈಸನ್ನೆಯಲ್ಲೇ ಬೈದು ಹೋದಳು.

ಇಲ್ಲಿಯೂ ಇರಲಾಗುತ್ತಿಲ್ಲ. ಮುಂದಿನ ತಿಂಗಳು ನಿಲ್ದಾಣದ ಎದುರಿನ ಸಾಲುಮನೆಗೆ ಹೋಗುತ್ತೇನೆ. ಹೋದರೂ ಅಷ್ಟೇ ಎಂದು ಗೊತ್ತಿದೆ.

ಅಮ್ಮ

ಸೆಪ್ಟೆಂಬರ್ 27

ಮಗಳೇ,

ಹೇಳಿಬಿಡುತ್ತೇನೆ. ಕೇಳಿ ನೀನು ಏನು ಬೇಕಾದರೂ ಮಾಡು.

ತಂತಿ ಬಂದದ್ದು ಮಧ್ಯಾಹ್ನ ನಾಲ್ಕಕ್ಕೆ. "ಮಗು ಆಸ್ಪತ್ರೆಯಲ್ಲಿ, ತಕ್ಷಣ ಬಾ." ಅದನ್ನು ಮಡಿಸಿ ಬೂಟಿನೊಳಗೆ ಇಟ್ಟುಕೊಂಡೆ, ನಮ್ಮ ವೇದಿಕೆ ಬಟ್ಟೆಗೆ ಜೇಬಿರಲಿಲ್ಲ. ಐದೂಕಾಲಿಗೆ ಒಂದು ಬಸ್ಸಿತ್ತು. ಧಣಿಯ ಹತ್ತಿರ ಹೋದೆ. ಅವನು ಕನ್ನಡಿಯಲ್ಲಿ ಕೂದಲು ನೋಡಿಕೊಳ್ಳುತ್ತಿದ್ದ. "ಹೋಗು, ಯಾರು ಬೇಡ ಅಂದ್ರು? ನಾಳೆ ಆ ಮೈಕಿನ ಹತ್ರ ಬೇರೆ ಹುಡುಗಿ ನಿಂತಿರ್ತಾಳೆ, ಅಷ್ಟೇ" ಅಂದ. ನಾನು ಹೋಗಲಿಲ್ಲ.

ಒಂಬತ್ತೂಕಾಲಿಗೆ ಕೊನೆಯ ಬಸ್ಸಿತ್ತು, ನಿಲ್ದಾಣ ಹತ್ತು ನಿಮಿಷದ ಓಟ. ಒಂಬತ್ತರವರೆಗೆ ಹಾಡಿ ಓಡಿಬಿಡೋಣ ಎಂದು ಲೆಕ್ಕ ಹಾಕಿದೆ. ಎರಡು ದೋಣಿಯ ಮೇಲೆ ಕಾಲಿಟ್ಟವಳು ದಡ ಸೇರುತ್ತಾಳೆಯೇ?

ಇಷ್ಟೇ ಆಗಿದ್ದರೆ ನಿನಗೆ ಎಂದೋ ಹೇಳುತ್ತಿದ್ದೆ. ಹೇಳಲಾಗದ್ದು ಇದು. ಆ ದಿನ ಕೊನೆಯ ಹಾಡಿನಲ್ಲಿ ಧಣಿ ಇದ್ದಕ್ಕಿದ್ದಂತೆ ಹಿಂದೆ ತಿರುಗಿ, ಕೈಬೀಸಿ, ಮುಂದಿನ ಸಾಲನ್ನು ನನಗೆ ಬಿಟ್ಟುಕೊಟ್ಟ. ಒಬ್ಬಳೇ ಹಾಡಿದೆ. ಅದಕ್ಕಿಂತ ಮುಂಚೆ ನಾನು ಹಾಗೆ ಹಾಡಿರಲಿಲ್ಲ, ಆಮೇಲೂ ಹಾಡಲಿಲ್ಲ. ನನ್ನ ಮೈಯಲ್ಲಿ ಅಂಥ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಸಂತೋಷವಾಯಿತು ಪುಟ್ಟೀ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಎರಡು ಗಂಟೆ ನನಗೆ ಮಗಳು ಎಂಬುವಳೇ ಇರಲಿಲ್ಲ, ನಿನ್ನನ್ನು ಪೂರ್ತಿ ಮರೆತೆ. ಕೆಳಗಿಳಿದು ಬೂಟು ಬಿಚ್ಚಿದಾಗ ತಂತಿ ಸಿಕ್ಕಿತು. ಬೆವರಿಗೆ ಅಕ್ಷರ ಕಲೆಸಿಹೋಗಿತ್ತು. ಬಸ್ಸು ಹೋಗಿಯಾಗಿತ್ತು.

ನೀನು ಹೊಟ್ಟೆ ಹೊಲಿಸಿಕೊಂಡು ಮಲಗಿರುವಾಗ ನಿನ್ನ ಮುಖ ನೋಡಿ ಇದನ್ನು ಹೇಗೆ ಹೇಳಲಿ? ತಂತಿ ತಡವಾಯಿತು ಎಂದೆ. ಒಂದು ಸುಳ್ಳನ್ನು ಇಷ್ಟು ವರ್ಷ ಹೊತ್ತು ಯಾವ ಮನೆಯಲ್ಲಿ ಕೂತರೂ ಕೂರಲಾಗಲಿಲ್ಲ. ಧಣಿ ಮೂರು ತಿಂಗಳಿಗೆ ಇಡೀ ತಂಡವನ್ನು ಮನೆಗೆ ಕಳಿಸಿದ. ಅಂಥ ಕೆಲಸ ಉಳಿಸಿಕೊಳ್ಳಲು ಆ ಸಂಜೆ ನಿಂತದ್ದು ನಾನು.

ಅಮ್ಮ

ಅಕ್ಟೋಬರ್ 20

ಅಮ್ಮ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸದ ಒಂದು ವಿಷಯಕ್ಕೆ ಬರೆಯುತ್ತಿದ್ದೇನೆ.

ಜುಲೈಯಲ್ಲಿ ತಿದ್ದಬೇಕು ಎಂದುಕೊಂಡದ್ದನ್ನು ನಾನು ತಿದ್ದಲಿಲ್ಲ. ತಲೆ ಕೆಟ್ಟಿತ್ತು, ಹಾಳೆಗಳನ್ನು ಹಾಗೇ ಕೊಟ್ಟುಬಿಟ್ಟೆ. ಹಾಡುಗಳ ಜೊತೆ ಕೊಡುವ ಪುಸ್ತಿಕೆಯ ಅಚ್ಚಿನ ಕರಡು ಬಂದಿದೆ. ನೀನು ಹಾಡಿದ ಹದಿನಾರು ಕಾರ್ಯಕ್ರಮಗಳಲ್ಲಿ, ಹದಿನಾರು ಕಡೆ, "ಮೂರನೇ ದನಿ: ಅಮ್ಮ" ಎಂದು ಅಂದವಾಗಿ ಅಚ್ಚಾಗಿದೆ. ಕಂಪನಿಯಿಂದ ಫೋನು ಮಾಡಿ, "ಅಮ್ಮ ಅನ್ನೋದು ಅವರ ಸ್ಟೇಜ್ ಹೆಸರಾ ಮೇಡಂ? ತುಂಬಾ ಚೆನ್ನಾಗಿದೆ" ಅಂದರು. ಇಷ್ಟು ವರ್ಷದ ಕಸುಬಿನಲ್ಲಿ ಇಂಥ ತಪ್ಪು ಮಾಡಿದವಳಲ್ಲ ನಾನು.

ತಿದ್ದಲು ನವೆಂಬರ್ ಐದರವರೆಗೆ ಸಮಯವಿದೆ. ನಿನ್ನ ಪೂರ್ತಿ ಹೆಸರು ಹಾಕಿಸುತ್ತೇನೆ. ಆಗ ಪೋಸ್ಟರುಗಳಲ್ಲಿ ಅದನ್ನು ಹೇಗೆ ಬರೆಯುತ್ತಿದ್ದರು, ತಿಳಿಸು.

ನಿನ್ನ ಮಗಳು

ಅಕ್ಟೋಬರ್ 27

ಪುಟ್ಟೀ,

ಓದಿ ನಗು ಬಂತು, ಆಮೇಲೆ ನಗು ಬರಲಿಲ್ಲ. ಆ ಕಾಲದಲ್ಲಿ ಯಾವ ಗೋಡೆಯ ಮೇಲೂ, ಯಾವ ಟಿಕೆಟ್ಟಿನ ಮೇಲೂ ನನ್ನ ಹೆಸರು ಬರಲಿಲ್ಲ. ಮೂರನೇ ದನಿಗೆ ಯಾರು ಹೆಸರಿಡುತ್ತಾರೆ? ಈಗ ಬಂತು, ಹೀಗೆ ಬಂತು.

ಹದಿನೈದು ಕಡೆ ಹಾಗೇ ಇರಲಿ. ನನಗೆ ಇಷ್ಟ. ಮೂವತ್ತೊಂದನೆಯದರಲ್ಲಿ ಮಾತ್ರ ತಿದ್ದು. ಅಲ್ಲಿ ನನ್ನ ಹೆಸರು ಹಾಕು, ಇಲ್ಲವೇ "ಗೊತ್ತಿಲ್ಲ" ಎಂದು ಹಾಕು. ಆ ದಿನ ಅಲ್ಲಿ ನಿಂತವಳು ಅಮ್ಮ ಆಗಿರಲಿಲ್ಲ. ಒಂದು ಸುಳ್ಳು ಸಾಕು, ಅದು ಅಚ್ಚಾಗುವುದು ಬೇಡ.

ನಿಲ್ದಾಣದ ಎದುರಿನ ಮನೆಗೆ ಬಂದಿದ್ದೇನೆ. ಕಿಟಕಿಯಿಂದ ಎಲ್ಲ ಬಸ್ಸೂ ಕಾಣುತ್ತವೆ. ಈಗಿನ ಹುಡುಗಿ ಕೂಗುವುದು ನನಗೆ ಕೇಳುವುದಿಲ್ಲ, ಆದರೆ ಅವಳು ಎರಡು ನಿಮಿಷ ತಡವಾಗಿ ಕೂಗುತ್ತಾಳೆ ಎಂದು ಜನ ಓಡುವುದನ್ನು ನೋಡಿಯೇ ಹೇಳಬಲ್ಲೆ.

ಅಮ್ಮ

ನವೆಂಬರ್ 5

ಅಮ್ಮ,

ಮೂವತ್ತೊಂದನೇ ರೀಲಿನಲ್ಲಿ ಹಾಡಿನಿಂದ ಹಾಡಿಗೆ ಕೊಡಲಿಯಿಂದ ಕಡಿದ ಹಾಗಿದೆ, ನಡುವೆ ಸ್ವಲ್ಪ ಸದ್ದು ಬಿಡಿ ಎಂದು ಕಂಪನಿಯವರು ವಾಪಸು ಕಳಿಸಿದ್ದರು. ಕಡಿದದ್ದು ಹೌದು, ಸಿಟ್ಟಿನಲ್ಲಿ ಕಡಿದದ್ದು. ಹಾಗಾಗಿ ಮೊನ್ನೆ, ಕತ್ತರಿ ಹಾಕದೆ ಇಟ್ಟಿದ್ದ ಮೊದಲ ನಕಲನ್ನು ತೆಗೆದು, ನಾನು ಎಸೆದಿದ್ದ ಭಾಗಗಳನ್ನು ಒಂದೊಂದಾಗಿ ಕೇಳಿದೆ. ನಿನ್ನ ಮೈಕು ತೆರೆದೇ ಇತ್ತು. ನಿನಗೆ ಇದು ಕೇಳಿಸುವುದಿಲ್ಲ, ಅದಕ್ಕೆ ಎಂದಿನಂತೆ ಬರೆಯುತ್ತೇನೆ.

ಮೊದಲ ಹಾಡಿನ ಮೇಲೆ ಆ ಹನ್ನೊಂದು ಸೆಕೆಂಡಿನ ಚಪ್ಪಾಳೆ ಇದೆಯಲ್ಲ, ಅದರ ಅಡಿಯಲ್ಲಿ ಮೆಲ್ಲಗೆ ನೀನು: "ಗಂಟೆ ಎಷ್ಟು?" ಬಡಗಿ: "ಏಳೂ ಮೂವತ್ತೈದು."

ಮೂರನೇ ಹಾಡು ಮುಗಿಯುತ್ತಲೇ ಮತ್ತೆ ಅದೇ. "ಎಂಟಕ್ಕೆ ಹತ್ತಿದೆ" ಅನ್ನುತ್ತಾನೆ. ಆಮೇಲೆ "ಎಂಟೂಕಾಲು." ಧಣಿ ಜನರನ್ನು ನಗಿಸುತ್ತಿರುವಾಗ ನೀನು ಇನ್ನೊಮ್ಮೆ ಕೇಳುತ್ತೀಯ, "ಈಗಷ್ಟೇ ಕೇಳಿದ್ಯಲ್ಲ! ಎಂಟೂ ಇಪ್ಪತ್ತು." ಐದನೆಯ ಸಲಕ್ಕೆ ಪಾಪ ಅವನಿಗೂ ಸಾಕಾಗಿದೆ: "ಎಂಟೂ ಮುಕ್ಕಾಲು ಕಣೇ ತಾಯಿ, ನನ್ನ ತಾಳ ತಪ್ಪಿಸ್ಬೇಡ."

ಆರನೆಯ ಸಲ: "ಒಂಬತ್ತು. ಹೋಗೋದಾದ್ರೆ ಈಗ್ಲೇ ಓಡು." ಹಲಗೆಯ ಮೇಲೆ ಬೂಟಿನ ಸದ್ದು ದೂರ ಹೋಗುತ್ತದೆ. ಬಡಗಿ ಮೂರು ತಟ್ಟುತ್ತಾನೆ, ಹಾಡು ಶುರುವಾಗುತ್ತದೆ. ಮೊದಲ ಸಾಲಿನಲ್ಲಿ ಮೂರನೇ ದನಿಯೇ ಇಲ್ಲ. ಎರಡನೇ ಸಾಲಿಗೆ ಬೂಟು ವಾಪಸು ಬರುತ್ತದೆ, ಏದುಸಿರು ಬಿಡುತ್ತ ನೀನು ಸೇರಿಕೊಳ್ಳುತ್ತೀಯ. ಹದಿನಾರು ಕಾರ್ಯಕ್ರಮಗಳಲ್ಲಿ ನೀನು ಸಾಲು ತಪ್ಪಿಸಿದ್ದು ಇದೊಂದೇ.

ಏಳನೆಯದು, ಆ ಹಾಡೂ ಅದರ ಮುಂದಿನದೂ ಮುಗಿದ ಮೇಲೆ. ನೀನು ಕೇಳುತ್ತೀಯ. ಬಡಗಿ "ಒಂಬತ್ತೂ ಇಪ್ಪತ್ತು" ಅನ್ನುತ್ತಾನೆ. ಆಮೇಲೆ ನೀನು ಕೇಳಿಲ್ಲ. ನೀನು ಒಬ್ಬಳೇ ಹಾಡಿದ ಆ ಹಾಡು ಅದರ ನಂತರದ್ದು ಅಮ್ಮ. ಬಸ್ಸು ಹೋದ ಮೇಲಿನದು. ಅದನ್ನು ಹತ್ತು ಸಲ ಕೇಳಿದೆ. ನೀನು ಅದನ್ನು ಸಂತೋಷ ಎಂದು ನೆನಪಿಟ್ಟುಕೊಂಡಿದ್ದೀಯ. ಕಿವಿ ಸರಿ ಇರುವ ಯಾರಿಗೂ ಅದು ಸಂತೋಷವೆಂದು ಕೇಳಿಸುವುದಿಲ್ಲ.

ನೀನು ಬರಲಿಲ್ಲ. ಅದನ್ನು ನಾನು ಮರೆಯುವವಳಲ್ಲ, ಮರೆತೆ ಎಂದರೆ ನೀನೂ ನಂಬುವುದಿಲ್ಲ. ಆದರೆ "ನಿನ್ನನ್ನು ಪೂರ್ತಿ ಮರೆತೆ" ಎಂದು ಬರೆದೆಯಲ್ಲ, ಅದು ತಂತಿಗಿಂತ ದೊಡ್ಡ ಸುಳ್ಳು. ಆಸ್ಪತ್ರೆಯಲ್ಲಿ ನಾನು ಚಿಕ್ಕಮ್ಮನನ್ನು ಅಷ್ಟು ಸಲ ಗಂಟೆ ಕೇಳಿರಲಾರೆ.

ಏಳನ್ನೂ ಟೇಪಿಗೆ ವಾಪಸು ಸೇರಿಸಿದ್ದೇನೆ. ಆ ಹೆಂಗಸು ಏನು ಗೊಣಗುತ್ತಿದ್ದಾಳೆ, ತೆಗೆಯಬಾರದೇ ಎಂದು ಕಂಪನಿಯವರು ಕೇಳಿದರು. ತೆಗೆದರೆ ಟೇಪು ಹಾಳಾಗುತ್ತದೆ ಎಂದೆ. ಕರಡನ್ನು ಇವತ್ತು ಅಚ್ಚಿಗೆ ಕಳಿಸಿದೆ. ಹದಿನಾರೂ ಕಡೆ ಇದ್ದ ಹಾಗೇ ಇದೆ, ಒಂದನ್ನೂ ತಿದ್ದಿಲ್ಲ.

ಶನಿವಾರ ಇಲ್ಲಿಂದ ಐದೂಕಾಲಿನ ಬಸ್ಸು ಹಿಡಿಯುತ್ತೇನೆ. ಒಂಬತ್ತರ ಹೊತ್ತಿಗೆ ನಿನ್ನ ಕಿಟಕಿಯ ಕೆಳಗೆ ಇಳಿಯಬಹುದು. ಅಷ್ಟರೊಳಗೆ ದಯವಿಟ್ಟು ಮನೆ ಬದಲಿಸಬೇಡ.

ನಿನ್ನ ಪುಟ್ಟಿ